ಸಾವಿನ ಗಳಿಗೆಯಲ್ಲಿ ಕಂಡ ಕುರುಹುಗಳು

(ಸವಡಿಯ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಇತ್ತೀಚೆಗೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ನನ್ನಲ್ಲಿ ಒಂದು ಪ್ರಶ್ನೆ ಕೇಳಿದರು. ಹುಡುಗ ಕಬಡ್ಡಿ ಆಟಗಾರ, ಗಟ್ಟಿಮುಟ್ಟಾದ ಮೈ. ರಾತ್ರಿ ಮಲಗಿದವನು ಫಜ್ರ್‌ಗೆ ಏಳಲಿಲ್ಲ. ಮಾತನಾಡಿಸಲು ಬಂದವರು ಒಬ್ಬೊಬ್ಬರು ಒಂದೊಂದು ಹೇಳಿ ಹೋಗಿದ್ದಾರೆ. ಹಿಂದಿನ ರಾತ್ರಿ ನಾಯಿ ಊಳಿಟ್ಟಿತಂತೆ, ಗೂಗೆ ಕೂಗಿತಂತೆ. ಮನೆಗೆ ಹೊಸದಾಗಿ ಬಂದ ಸೊಸೆಯ ಕಾಲ್ಗುಣ ಎಂದವರೂ ಇದ್ದಾರೆ. ಇನ್ನೊಬ್ಬರು, ಒಳ್ಳೆಯವರು ಸತ್ತರೆ ಮಳೆ ಬರುತ್ತದೆ, ಮುಖದಲ್ಲಿ ಬೆಳಕು ಕಾಣುತ್ತದೆ ಎಂದರಂತೆ. ಆ ತಾಯಿ ಕೇಳಿದ್ದು ಇದು: "ಹಜರತ್, ನನ್ನ ಮಗನಿಗೆ ಮಳೆಯೂ ಬರಲಿಲ್ಲ, ಬೆಳಕೂ ಕಾಣಲಿಲ್ಲ. ಅಲ್ಲಾಹ್ ಅವನನ್ನು ಒಪ್ಪಿಕೊಂಡಿಲ್ಲವೇ?"

ನನಗೆ ಕೂಡಲೇ ನೆನಪಾದದ್ದು ಮುಹಮ್ಮದ್ ಅಲಿಯವರ ಮರಣ. ಬಾಕ್ಸಿಂಗ್‌ನಲ್ಲಿ ಮೂರು ಸಲ ವಿಶ್ವ ಹೆವಿವೇಟ್ ಪಟ್ಟ ಗೆದ್ದವರು. 1967ರಲ್ಲಿ ವಿಯೆಟ್ನಾಂ ಯುದ್ಧದ ಸೈನ್ಯಕ್ಕೆ ಸೇರುವುದಿಲ್ಲ ಎಂದು ನಿಂತು ಪಟ್ಟವನ್ನೇ ಕಳೆದುಕೊಂಡವರು. 1984ರಿಂದ ಪಾರ್ಕಿನ್ಸನ್ ಕಾಯಿಲೆಯೊಂದಿಗೆ ಬದುಕಿದರು. 2016ರ ಜೂನ್ 3ರಂದು ಅಮೆರಿಕದ ಅರಿಝೋನಾದ ಆಸ್ಪತ್ರೆಯಲ್ಲಿ, 74ನೇ ವಯಸ್ಸಿನಲ್ಲಿ ತೀರಿಕೊಂಡಾಗ ಮಕ್ಕಳು ಸುತ್ತ ನಿಂತು, ಕೈ ಹಿಡಿದು ದುಆ ಮಾಡುತ್ತಿದ್ದರು. ಉಳಿದ ಅಂಗಗಳೆಲ್ಲ ನಿಂತ ಮೇಲೂ ತಂದೆಯ ಹೃದಯ ಮೂವತ್ತು ನಿಮಿಷ ಬಡಿಯುತ್ತಲೇ ಇತ್ತು, ಇಂಥದ್ದನ್ನು ಯಾರೂ ಕಂಡಿರಲಿಲ್ಲ ಎಂದು ಮಗಳು ಹನಾ ಅಲಿ ಲೋಕಕ್ಕೆ ತಿಳಿಸಿದರು. ಅದನ್ನು ಪವಾಡ ಎಂದವರಿದ್ದಾರೆ. ಶುಕ್ರವಾರದ ಮರಣ ಎಂದು ಸೇರಿಸಿದವರೂ ಇದ್ದಾರೆ. ಅವರು ಕಣ್ಣು ಮುಚ್ಚಿದ್ದು ಅಲ್ಲಿನ ರಾತ್ರಿ 9 ಗಂಟೆ 10 ನಿಮಿಷಕ್ಕೆ. ಮಗ್ರಿಬ್ ಆದ ಮೇಲೆ ನಮ್ಮ ಲೆಕ್ಕದಲ್ಲಿ ದಿನವೇ ಬದಲಾಗುತ್ತದೆ. ನಮ್ಮ ಊರಲ್ಲಂತೂ ಆಗ ಶನಿವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲರ ಹೊತ್ತು. ಕುರುಹು ಹುಡುಕುವವರಿಗೆ ಗಡಿಯಾರವೂ ಕೈ ಕೊಡುತ್ತದೆ ನೋಡಿ.

ಮಗಳು ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಅವರು ಕಂಡದ್ದನ್ನು ಹೇಳಿದ್ದಾರೆ, ಪ್ರೀತಿಯಿಂದ ಹೇಳಿದ್ದಾರೆ. ಆದರೆ ಹೃದಯದ ಮಾತೇ ಬೇರೆ. ಅದು ಬಡಿಯಲು ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ. ಬಡಿತ ಹುಟ್ಟಿಸುವ ಸಣ್ಣ ವಿದ್ಯುತ್ ಕೇಂದ್ರವೊಂದನ್ನು ಅಲ್ಲಾಹನು ಹೃದಯದ ಗೋಡೆಯಲ್ಲೇ ಇಟ್ಟಿದ್ದಾನೆ. ರಕ್ತದಲ್ಲಿ ಆಮ್ಲಜನಕ ಉಳಿದಿರುವಷ್ಟು ಹೊತ್ತು ಅದು ತನ್ನ ಕೆಲಸ ಬಿಡುವುದಿಲ್ಲ. ಕುರ್ಬಾನಿಯ ದಿನ ಕೈಹಾಕಿ ಕೆಲಸ ಮಾಡಿದವರಿಗೆ ಗೊತ್ತು, ಕೊಯ್ದು ಚರ್ಮ ಸುಲಿದ ಮೇಲೂ ಮಾಂಸ ಕೆಲಹೊತ್ತು ಅದುರುತ್ತಿರುತ್ತದೆ. ಅದನ್ನು ನಾವು ಪವಾಡ ಎನ್ನುತ್ತೇವೆಯೇ? ಅಲಿಯವರ ಹೃದಯ ಅರ್ಧ ಗಂಟೆ ಬಡಿದಿದ್ದಕ್ಕೂ ನಮ್ಮ ಹುಡುಗನ ಹೃದಯ ನಿದ್ದೆಯಲ್ಲೇ ನಿಂತದ್ದಕ್ಕೂ ಆಖಿರತ್‌ನ ತಕ್ಕಡಿಯಲ್ಲಿ ಯಾವ ತೂಕವೂ ಇಲ್ಲ.

ಈ ಮಾತು ನನ್ನದಲ್ಲ. ಪ್ರವಾದಿ ಮುಹಮ್ಮದ್(ಸ)ರಿಗೆ ಹ. ಮಾರಿಯಾ(ರ)ರಲ್ಲಿ ಇಬ್ರಾಹೀಮ್ ಎಂಬ ಮಗ ಹುಟ್ಟಿದ್ದ. ಎರಡು ವರ್ಷ ತುಂಬುವ ಮೊದಲೇ ಆ ಕೂಸು ತೀರಿಕೊಂಡಿತು. ಕೊನೆಯುಸಿರಿನ ಹೊತ್ತಿಗೆ ಪ್ರವಾದಿ(ಸ)ರ ಕಣ್ಣಲ್ಲಿ ನೀರು ಸುರಿಯಿತು. ತಾವೂ ಅಳುತ್ತೀರಾ ಎಂದು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಚ್ಚರಿಪಟ್ಟಾಗ, ಇದು ಕರುಣೆ ಎಂದು ಉತ್ತರಿಸಿದರು. ಅದೇ ದಿನ ಸೂರ್ಯಗ್ರಹಣ ಹಿಡಿಯಿತು. ಕ್ರಿ.ಶ. 632ರ ಜನವರಿ 27ರ ಗ್ರಹಣ ಅದು ಎಂದು ಖಗೋಳ ಲೆಕ್ಕ ಹಾಕಿದವರು ಹೇಳುತ್ತಾರೆ. ಮದೀನಾದ ಜನ, ಪ್ರವಾದಿಯ ಮಗ ಸತ್ತದ್ದಕ್ಕೇ ಸೂರ್ಯ ಕಪ್ಪಾದ ಎಂದರು.

ಸ್ವಲ್ಪ ಯೋಚಿಸಿ. ಜನ ತಾವಾಗಿಯೇ ಆಡಿದ ಮಾತು ಅದು. ಮಗುವನ್ನು ಕಳೆದುಕೊಂಡ ತಂದೆಗೆ ಅದಕ್ಕಿಂತ ದೊಡ್ಡ ಸಮಾಧಾನ ಇನ್ನೇನು? ಸುಮ್ಮನಿದ್ದರೆ ಸಾಕಿತ್ತು, ಆ ಮಾತು ಇವತ್ತಿಗೂ ಉಳಿಯುತ್ತಿತ್ತು. ಪ್ರವಾದಿ(ಸ) ಸುಮ್ಮನಿರಲಿಲ್ಲ. ದೀರ್ಘವಾದ ಗ್ರಹಣದ ನಮಾಝ್ ಮಾಡಿಸಿ, ಸೂರ್ಯ ಚಂದ್ರರು ಅಲ್ಲಾಹನ ಎರಡು ನಿದರ್ಶನಗಳು, ಯಾರ ಹುಟ್ಟಿಗಾಗಲಿ ಸಾವಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಜನರಿಗೆ ತಿಳಿಸಿದರು. ದುಃಖದ ದಿನದಲ್ಲೂ ಸುಳ್ಳಿನ ಸಮಾಧಾನ ಅವರಿಗೆ ಬೇಡವಾಗಿತ್ತು.

ಶಕುನಕ್ಕೂ ಗೂಗೆಯ ನಂಬಿಕೆಗೂ ಆಧಾರವಿಲ್ಲ ಎಂದು ಹದೀಸ್‌ನಲ್ಲಿ ಹೆಸರಿಟ್ಟೇ ಹೇಳಲಾಗಿದೆ. ಹೀಗಿರುವಾಗ ಒಂದು ಗೂಗೆಯ ಕೂಗಿಗೆ ಪರರ ಮನೆಯ ಹೆಣ್ಣುಮಗಳನ್ನು ಹೊಣೆ ಮಾಡುವವರು ನಾಳೆ ಏನು ಉತ್ತರ ಕೊಡುತ್ತಾರೆ? ಆ ಸೊಸೆ ಅಡುಗೆಮನೆಯಿಂದ ಹೊರಗೇ ಬರುತ್ತಿಲ್ಲ. ಆ ಮಾತು ಆಡಿದವರು ಈ ಸಫ್‌ನಲ್ಲಿದ್ದರೆ, ಅಥವಾ ಅವರ ಮನೆಯವರಿದ್ದರೆ, ಇಂದೇ ಹೋಗಿ ಅವಳಲ್ಲಿ ಮಾಫಿ ಕೇಳಿ.

ಅಲಿಯವರ ವಿಷಯದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಆ ಮೂವತ್ತು ನಿಮಿಷವಲ್ಲ. ಹಾಲಿವುಡ್‌ನ ಬೀದಿಯೊಂದರಲ್ಲಿ ಪ್ರಸಿದ್ಧರ ಹೆಸರುಗಳನ್ನು ನಕ್ಷತ್ರದೊಳಗೆ ಬರೆದು ನೆಲಕ್ಕೆ ಕೂರಿಸುತ್ತಾರೆ. ಮುಹಮ್ಮದ್ ಎಂಬ ಹೆಸರನ್ನು ಜನ ತುಳಿಯುವುದು ಬೇಡ ಎಂದರು ಅವರು. ಹಾಗಾಗಿ 2002ರಲ್ಲಿ ಅವರ ನಕ್ಷತ್ರ ಒಂದನ್ನು ಮಾತ್ರ ಗೋಡೆಗೆ ಕೂರಿಸಿದರು. ಇದು ಕೈಯಾರೆ ಮಾಡಿದ್ದು. ಹೃದಯದ ಬಡಿತ ಅವರ ಕೈಯಲ್ಲಿರಲಿಲ್ಲ.

ಆ ತಾಯಿಗೆ ಇಬ್ರಾಹೀಮರ ವಿಷಯ ಹೇಳಿದೆ. ಮಗನಿಗಾಗಿ ದುಆ ಮಾಡಿ, ಕೈಲಾದಷ್ಟು ಸದಕಾ ಕೊಡಿ, ಬಾಕಿಯಿದ್ದರೆ ತೀರಿಸಿ ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಹಿರಿಯ ಮಗನನ್ನು ಕರೆದು, "ತಮ್ಮನ ಗೆಳೆಯರನ್ನೆಲ್ಲಾ ಕೇಳಿ ಬಾ. ಯಾರಿಗಾದರೂ ಅವನು ರೊಕ್ಕ ಕೊಡೋದಿತ್ತೇನು?" ಎಂದರು.