ಗಚ್ಚಿನ ಗೋಡೆಯೂ ಕಾಯಕದ ಗುರುತು



ನಾನು ಪ್ರವಚನಕಾರನಲ್ಲ, ನಿವೃತ್ತ ಸರ್ಕಾರಿ ಇಂಜಿನಿಯರ್. ಸೇವೆಯಲ್ಲಿದ್ದಾಗ ಒಂದೂರಲ್ಲಿ ರಸ್ತೆ ಅಗಲ ಮಾಡಲು ಹಳೆಯ ಮನೆಗಳಿಗೆ ಕೆಂಪು ಗುರುತು ಹಾಕಿಸಿದ್ದೆ. ಒಬ್ಬ ಅಜ್ಜಿ, "ಸಾಹೇಬ್ರ, ಈ ಕಟ್ಟಿ ಮ್ಯಾಲ ನಾಕು ತಲಿ ಕುಂತಾವ್ರಿ" ಎಂದರು. ನನ್ನ ನಕ್ಷೆಯಲ್ಲಿ ಕಟ್ಟೆಗೆ ಜಾಗವಿರಲಿಲ್ಲ. ಆ ಮಾತು ಇಂದಿಗೂ ಚುಚ್ಚುತ್ತದೆ.

2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ ಎಚ್ಚರಿಕೆಯ ಪಟ್ಟಿಗೆ ಬೀದರಿನ ಐತಿಹಾಸಿಕ ನಗರವನ್ನು ಸೇರಿಸಿತು. ಕೋಟೆಯೊಂದನ್ನೇ ಅಲ್ಲ, ನಗರವನ್ನು. ಆದರೆ ನಾವು ಕೋಟೆ ಮತ್ತು 1472ರ ಮಹಮೂದ್ ಗಾವಾನ್ ಮದರಸಾ ಉಳಿದರೆ ಸಾಕೆಂದುಕೊಂಡಿದ್ದೇವೆ. ಚೌಬಾರದ ಸುತ್ತಲಿನ ಓಣಿ, ಬಾವಿ, ವಾಡೆಗಳು ಯಾರ ಲೆಕ್ಕದಲ್ಲೂ ಇಲ್ಲ.

"ಸ್ಥಾವರ ಬಿಟ್ಟು ಜಂಗಮ ಹಿಡಿದವರು ನಾವು, ಕಲ್ಲುಮಣ್ಣಿನ ಚಿಂತೆ ಯಾಕೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಕಲ್ಲನ್ನು ಪೂಜಿಸಿ ಎನ್ನುತ್ತಿಲ್ಲ. ನೌಬಾದಿನ ಕಾರೇಜ್ ನೋಡಿ. ಜಂಬಿಟ್ಟಿಗೆಯ ನೆಲದೊಳಗೆ ಸುರಂಗ ಕೊರೆದು, ಸಣ್ಣ ಇಳಿಜಾರು ಕೊಟ್ಟು, ಯಂತ್ರವಿಲ್ಲದೆ ಅಂತರ್ಜಲವನ್ನು ಹರಿಸಿದರು. ಅಗೆದವರ ಹೆಸರು ಯಾವ ಶಾಸನದಲ್ಲೂ ಸಿಗಲಿಕ್ಕಿಲ್ಲ. ಆ ಇಳಿಜಾರೇ ಅವರ ಸಹಿ. ಕಾಯಕವನ್ನು ಗೌರವಿಸುವವರು ಅದರ ಮೇಲೆ ಕಸ ಸುರಿಯಬಹುದೆ?

ಭಾಲ್ಕಿ ನೆನೆಯಿರಿ. ನಿಜಾಮರ ಕಾಲದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ನಮ್ಮ ಮನೆಮಾತು. ಅಂಥ ಪಾಠ ನಡೆದ ಕೋಣೆಗಳೂ ಪರಂಪರೆಯೇ. ಅಷ್ಟೂರಿನಲ್ಲಿ ಅಹ್ಮದ್ ಷಾ ವಲಿಯನ್ನು ಅಲ್ಲಮಪ್ರಭು ಎಂದು ಭಾವಿಸಿ ನಮ್ಮವರೂ ನಡೆದುಕೊಳ್ಳುತ್ತಾರೆ. ಹೀಗಿರುವಾಗ ಇದು ಅವರದು, ಇದು ನಮ್ಮದು ಎಂದು ಗೋಡೆ ಹಂಚಿಕೊಳ್ಳುವುದು ಸಲ್ಲದು.

ಪ್ರವಾಸಿ ಇಂದು ಕೋಟೆ ನೋಡಿ ಸಂಜೆಗೇ ಹೈದರಾಬಾದಿಗೆ ಹೊರಡುತ್ತಾನೆ. ದುರಸ್ತಿಯಾದ ಒಂದು ವಾಡೆಯಲ್ಲಿ ರಾತ್ರಿ ಉಳಿದರೆ, ಓಣಿಯ ಖಾನಾವಳಿಗೂ ಬಿದ್ರಿ ಕುಶಲಕರ್ಮಿಗೂ ನಾಲ್ಕು ಕಾಸು ಸಿಗುತ್ತದೆ. ಆದರೆ ಪ್ರವಾಸಿಗಾಗಿ ಓಣಿಯವರನ್ನೇ ಎಬ್ಬಿಸಿದರೆ ಉಳಿಯುವುದು ಬರಿ ಚಿಪ್ಪು. ಜನ ಬಾಳುವ ಊರೇ ಜಂಗಮ.

ಮಠಗಳಲ್ಲಿ ನನ್ನ ಬಿನ್ನಹ ಮೂರು. ಒಂದು, ಬೀದರ, ಭಾಲ್ಕಿ, ಔರಾದಗಳಲ್ಲಿ ನಮ್ಮ ಹುಡುಗರು ಹಳೆಯ ಬಾವಿ, ಅಗಸಿ, ಮನೆಗಳ ಪಟ್ಟಿ ಮಾಡಲಿ. ಪಟ್ಟಿಯಲ್ಲಿಲ್ಲದ್ದು ನಕ್ಷೆಯಲ್ಲೂ ಇರುವುದಿಲ್ಲ, ಇದು ನನ್ನ ಅನುಭವ. ಎರಡು, ಹಳೆಯ ಗಚ್ಚಿನ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ಗಚ್ಚು ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಒಳಗೇ ಕಟ್ಟಿಹಾಕುತ್ತದೆ. ಕಲ್ಲು ಒಳಗಿಂದಲೇ ಪುಡಿಯಾಗುತ್ತದೆ. ಮೂರು, ಗಚ್ಚು ಅರೆಯುವ ಕೆಲಸವನ್ನು ಯುವಕರಿಗೆ ಕಲಿಸಿ, ಅದೂ ದಾಸೋಹವೇ.

ಆ ಅಜ್ಜಿಯ ಕಟ್ಟೆಯನ್ನು ನಾನು ಮರಳಿ ಕಟ್ಟಲಾರೆ. ಉಳಿದ ಕಟ್ಟೆಗಳ ಮೇಲೆ ನಿಮ್ಮ ಮೊಮ್ಮಕ್ಕಳು ಕೂರಲಿ.