ಶಾಲೆಯ ಮೊದಲನೆಯ ತಿಂಗಳು



ಮುಂಗಾರು ಮಳೆ ಬೀಳುತ್ತಲೇ ರೈತನು ಹೊಲದಲ್ಲಿ ಕೂರಿಗೆ ಹೂಡುವನು. ಅದೇ ಕಾಲದಲ್ಲಿ ಕನ್ನಡ ನಾಡಿನ ಶಾಲೆಗಳ ಬಾಗಿಲುಗಳೂ ತೆರೆಯುವುವು. ಹದ ತಪ್ಪಿ ಬಿತ್ತಿದ ಹೊಲದಲ್ಲಿ ಆಮೇಲೆ ಎಷ್ಟು ಎಡೆ ಹೊಡೆದರೂ ತುಂಬು ಬೆಳೆ ಬಾರದು. ಶಾಲೆಗೂ ಅಂತಹದೊಂದು ಹದವುಂಟು. ಅದು ವರ್ಷದ ಮೊದಲನೆಯ ತಿಂಗಳು.

ಪಾಠ ಹೇಳುವುದೊಂದೇ ಉಪಾಧ್ಯಾಯರ ಕಾರ್ಯವೆಂದು ಅನೇಕರ ಭಾವನೆ. ಆದರೆ ಪಾಠವು ನಿಲ್ಲುವುದಕ್ಕೆ ಒಂದು ನೆಲೆಯು ಬೇಕು. ಗಂಟೆ ಬಾರಿಸಿದೊಡನೆ ಒಳಗೆ ಬರುವುದು, ಪಾದರಕ್ಷೆಗಳನ್ನು ಹೊರಗೆ ಸಾಲಾಗಿ ಇಡುವುದು, ಒಬ್ಬರು ಮಾತನಾಡುವಾಗ ಮಿಕ್ಕವರು ಕೇಳುವುದು, ಪುಸ್ತಕವನ್ನು ತೆಗೆದಲ್ಲಿಯೇ ತಿರುಗಿ ಇಡುವುದು, ಇವೆಲ್ಲ ಅಲ್ಪವೆಂದು ತೋರಬಹುದು. ಶಿಕ್ಷಣದ ಹಕ್ಕಿನ ಕಾಯಿದೆಯು 1ರಿಂದ 5ನೆಯ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ದಿನಗಳ ಪಾಠವನ್ನು ವಿಧಿಸಿರುವುದು. ಗೊಂದಲದಲ್ಲಿ ದಿನಕ್ಕೆ 10 ನಿಮಿಷ ಕಳೆದರೆ ವರ್ಷದಲ್ಲಿ 33 ಗಂಟೆಗಳಿಗೂ ಮಿಕ್ಕ ಕಾಲವು ನಷ್ಟವಾಗುವುದು.

ಪರಿಪಾಠವು ಆಜ್ಞೆಯಿಂದ ಹುಟ್ಟುವುದಿಲ್ಲ, ಆಚರಣೆಯಿಂದ ಹುಟ್ಟುವುದು. ಮೊದಲ ದಿನವೇ ಇಪ್ಪತ್ತು ನಿಯಮಗಳನ್ನು ಓದಿ ಹೇಳಿದರೆ ಮಕ್ಕಳು ಮರುದಿನ ಇಪ್ಪತ್ತನ್ನೂ ಮರೆಯುವರು. ಬಲ್ಲ ಉಪಾಧ್ಯಾಯರು ನಾಲ್ಕೈದನ್ನು ಮಾತ್ರ ಆರಿಸಿ, ಕಾರಣವನ್ನು ತಿಳಿಸಿ, ತಾವೇ ಮಾಡಿ ತೋರಿಸಿ, ಮಕ್ಕಳಿಂದಲೂ ಮಾಡಿಸುವರು. ತಪ್ಪಿದಲ್ಲಿ ಗದರಿಸದೆ ಮತ್ತೊಮ್ಮೆ ಮಾಡಿಸುವರು. ತಾವೇ ತಡವಾಗಿ ಬರುವ ಉಪಾಧ್ಯಾಯರ ಬಾಯಿಂದ ವೇಳೆಯ ನಿಯಮವು ಎಂದಿಗೂ ಫಲಿಸದು.

ಬೆತ್ತವಿಲ್ಲದೆ ಶಿಸ್ತು ಬಾರದೆಂಬ ಮಾತು ಹಿಂದಿನಿಂದಲೂ ಇದೆ. 2009ನೆಯ ಇಸವಿಯ ಆ ಕಾಯಿದೆಯ 17ನೆಯ ಕಲಮು ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯಿದೆಯ ಮಾತು ಹಾಗಿರಲಿ; ಭಯದ ಮೌನವು ಉಪಾಧ್ಯಾಯರು ಹೊರಗೆ ಕಾಲಿಟ್ಟೊಡನೆ ಮುರಿಯುವುದು, ಅಭ್ಯಾಸದ ಶಾಂತಿಯು ಅವರಿಲ್ಲದಾಗಲೂ ಉಳಿಯುವುದು. 1995ರಲ್ಲಿ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿಯನ್ನು ನೋಡಿರಿ. ಬೇರೆ ಬೇರೆ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗೂಡಿ, ಕೆಲವರು ಉಪಾಧ್ಯಾಯರ ಬಳಿ, ಕೆಲವರು ಜೊತೆಗಾರರೊಡನೆ, ಕೆಲವರು ತಾವಾಗಿಯೇ ಕಲಿಯುವರು. ಪರಿಪಾಠವು ಮೊದಲೇ ನೆಲೆಗೊಂಡಿರದಿದ್ದರೆ ಇದು ಒಂದು ಗಳಿಗೆಯೂ ನಡೆಯಲಾರದು.

2002ರಲ್ಲಿ ಆರಂಭವಾದ ‘ಅಕ್ಷರ ದಾಸೋಹ’ದ ಊಟವೂ ಒಂದು ಪಾಠವೇ ಸರಿ. ಕೈತೊಳೆದು, ಕುಲವೆಣಿಸದೆ ಒಂದೇ ಪಂಕ್ತಿಯಲ್ಲಿ ಕುಳಿತು, ಎಲ್ಲರಿಗೂ ಬಡಿಸುವವರೆಗೆ ಕಾಯುವ ಮಗುವು ಪುಸ್ತಕದಲ್ಲಿಲ್ಲದುದನ್ನು ಕಲಿಯುವುದು.

ಇನ್ನು ತಂದೆತಾಯಿಗಳ ಪಾಲಿನ ಮಾತು. ಬಿತ್ತನೆಗೆ ನೆರವಾಗಲೆಂದೋ, ಕೈಗೂಸನ್ನು ನೋಡಿಕೊಳ್ಳಲೆಂದೋ ಜೂನ್ ತಿಂಗಳಲ್ಲಿ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವುದುಂಟು. ಹಿಂದಿನ ವರ್ಷದ ಕೊರತೆಯನ್ನು ತುಂಬುವ ‘ಸೇತುಬಂಧ’ವು ನಡೆಯುವುದು ಅದೇ ವಾರಗಳಲ್ಲಿ. ಆ ಮಗು ಜುಲೈಯಲ್ಲಿ ಬಂದಾಗ ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನೂ ಅರಿಯದು; ಒಡನಾಡಿಗಳು ನಗುವರು; ಅದು ಮೂಲೆ ಸೇರುವುದು. ಮಂದಬುದ್ಧಿಯೆಂಬ ಹೆಸರು ಅದಕ್ಕೆ ಬರುವುದು ಬುದ್ಧಿಯ ದೋಷದಿಂದಲ್ಲ, ತಪ್ಪಿಹೋದ ನಾಲ್ಕು ವಾರಗಳಿಂದ. ಕಡೆಗೆ ಶಾಲೆಯನ್ನೇ ಬಿಡುವ ಮಕ್ಕಳಲ್ಲಿ ಇಂಥವರೂ ಇರುವರು.

ಆದುದರಿಂದ ಶಾಲೆ ತೆರೆದ ದಿನವೇ, ಗಂಟೆಗೆ ಮೊದಲೇ, ಮಗುವು ಬಾಗಿಲಲ್ಲಿರುವಂತೆ ನೋಡಿಕೊಳ್ಳುವುದು ಪ್ರತಿ ಮನೆಯವರ ಕರ್ತವ್ಯ. ಸರ್ವರಿಗೂ ಮಂಗಳವಾಗಲಿ.