ಗುಮಾಸ್ತರ ಮೊಮ್ಮಗಳು



'ವ್ಯಾಪಾರಂ ದ್ರೋಹಚಿಂತನಂ' ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಒಬ್ಬ ವ್ಯಾಪಾರಿಯ ಬಾಯಿಂದಲೇ. ಗದುಗಿನ ಹತ್ತಿಯ ಪೇಟೆಯಲ್ಲಿ ಅಡತಿ ಅಂಗಡಿಯ ಮಾಲಿಕರೊಬ್ಬರು ನಗುತ್ತ ಅದನ್ನು ಹೇಳಿದರು. ಅವರ ಗಾದಿಯ ಪಕ್ಕದಲ್ಲಿ ಕುಳಿತು ಕಿರ್ದಿ ಬರೆಯುತ್ತಿದ್ದ ನನ್ನ ತಂದೆಯವರೂ ನಕ್ಕರು. ಹುಡುಗನಾಗಿದ್ದ ನಾನು ಮಾತ್ರ ಆ ಮಾತನ್ನು ನಿಜವೆಂದು ನಂಬಿದೆ. ನಂಬಿ, ಕನ್ನಡ ಎಂ.ಎ. ಮಾಡಿ, ಮೂವತ್ತಾರು ವರ್ಷ ಪಂಪ ರನ್ನರನ್ನು ಪಾಠ ಹೇಳಿ ನಿವೃತ್ತನಾದೆ. ಲೆಕ್ಕದ ಪುಸ್ತಕದಿಂದ ತಪ್ಪಿಸಿಕೊಂಡು ಕಾವ್ಯದ ಪುಸ್ತಕಕ್ಕೆ ಬಂದವನು ನಾನು ಎಂಬ ಒಂದು ಸಣ್ಣ ಜಂಬ ನನ್ನಲ್ಲಿ ಬಹುಕಾಲ ಇತ್ತು. ಆ ಜಂಬ ಹೇಗೆ ಕರಗಿತೆಂಬುದೇ ಇಂದಿನ ನನ್ನ ಮಾತಿನ ವಿಷಯ.

2022ರಲ್ಲಿ ನನ್ನ ತಮ್ಮನ ಮಗಳು ಅಂತರರಾಷ್ಟ್ರೀಯ ವಾಣಿಜ್ಯವನ್ನು ಅಭ್ಯಸಿಸಲು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೊರಟಳು. ತಮ್ಮ ಮನೆಯ ಕಾಗದಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿದ್ದ. ಬೀಳ್ಕೊಡುವ ದಿನ ನಾನು ಸುಮ್ಮನಿರಲಾರದೆ, "ವ್ಯಾಪಾರ ಕಲಿಯಾಕ ಸಮುದ್ರ ದಾಟಬೇಕೇನವಾ? ನಿಮ್ಮ ಅಜ್ಜ ಗದಗಿನ್ಯಾಗ ಕಲಿತಿದ್ದ" ಎಂದೆ. ಅವಳು ತಟ್ಟನೆ, "ಅಜ್ಜ ಕಲತದ್ದು ಲೆಕ್ಕ, ದೊಡ್ಡಪ್ಪ. ವ್ಯಾಪಾರ ಅವಗ ಯಾರೂ ಕಲಿಸಲಿಲ್ಲ" ಎಂದಳು. ನನಗೆ ಉತ್ತರ ತೋಚಲಿಲ್ಲ.

ಮ್ಯಾಂಚೆಸ್ಟರ್ ನಮ್ಮ ಸೀಮೆಗೆ ಹೊಸದಲ್ಲ. 1840ರ ದಶಕದಲ್ಲಿಯೇ ಧಾರವಾಡದ ಎರೆಭೂಮಿಯಲ್ಲಿ ಅಮೆರಿಕದ ಹತ್ತಿಯ ಬೀಜ ಬಿದ್ದಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ಬರುವುದು ನಿಂತಾಗ, ಲ್ಯಾಂಕಾಶೈರಿನ ಗಿರಣಿಗಳು ನಮ್ಮ ಹೊಲಗಳ ಕಡೆಗೆ ಕಣ್ಣು ಹೊರಳಿಸಿದವು. ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸುವ ಮಾತು ಎದ್ದಿತು. 1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದುದರ ಹಿಂದೆ ಈ ಹತ್ತಿಯ ನೂಲೂ ಇದೆ. 1865ರಲ್ಲಿ ಯುದ್ಧ ಮುಗಿಯಿತು. ಏರಿದ ಧಾರಣೆ ಇಳಿಯಿತು. ಅಂತರರಾಷ್ಟ್ರೀಯ ವಾಣಿಜ್ಯವೆಂದರೆ ಏನೆಂಬುದನ್ನು ನಮ್ಮ ರೈತ ಯಾವ ವಿಶ್ವವಿದ್ಯಾಲಯವೂ ಇಲ್ಲದೆ ಹೀಗೆ ಕಲಿತ.

ಅಲ್ಲಿಗೆ ಹೋದ ಮೊದಲ ತಿಂಗಳಲ್ಲಿಯೇ ಹುಡುಗಿ ರಾಯಲ್ ಎಕ್ಸ್‌ಚೇಂಜ್ ಎಂಬ ಕಟ್ಟಡವನ್ನು ನೋಡಿಬಂದು ನನಗೆ ಬರೆದಳು. ಒಂದು ಕಾಲಕ್ಕೆ ಹತ್ತಿ ಮತ್ತು ಬಟ್ಟೆಯ ವ್ಯವಹಾರ ನಡೆಯುತ್ತಿದ್ದ ಮಹಾ ಸಭಾಂಗಣ ಅದು. 1968ರಲ್ಲಿ ವ್ಯವಹಾರ ನಿಂತುಹೋಯಿತು. ಕೊನೆಯ ದಿನದ ಧಾರಣೆಯ ಅಂಕಿಗಳು ಎತ್ತರದ ಹಲಗೆಯ ಮೇಲೆ ಹಾಗೆಯೇ ಉಳಿದಿವೆ. 1976ರಿಂದ ಆ ಸಭಾಂಗಣದಲ್ಲಿ ರಂಗಮಂದಿರವಿದೆ. ಪೇಟೆ ಮುಗಿದ ಮೇಲೆ ನಾಟಕ! ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರೆ ಇರಲಿಲ್ಲ. ಆದರೆ ಆ ಓಲೆಯ ಕೊನೆಯ ವಾಕ್ಯ ಬೇರೆಯಾಗಿತ್ತು: "ನಮ್ಮ ಹತ್ತಿಯ ದರಾ ಇಂಥಾ ಕಡೆ ಗೊತ್ತಾಗತಿತ್ತು. ಇದು ಅಜ್ಜಗ ಗೊತ್ತಿತ್ತೇನ, ದೊಡ್ಡಪ್ಪ?"

ಅನಂತರ ವಾರಕ್ಕೊಮ್ಮೆ ಅವಳ ಪಾಠ ನನಗೂ ಆಗತೊಡಗಿತು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಯೋಹಾನ್ಸನ್ ಮತ್ತು ವಾಲ್ನೆ ಎಂಬ ವಿದ್ವಾಂಸರು 1977ರಲ್ಲಿ ಒಂದು ವಿಚಾರ ಮಂಡಿಸಿದರಂತೆ. ವ್ಯಾಪಾರ ಸಂಸ್ಥೆಗಳು ಒಮ್ಮೆಲೇ ದೂರದ ನಾಡಿಗೆ ನೆಗೆಯುವುದಿಲ್ಲ; ಮನಸ್ಸಿಗೆ ಹತ್ತಿರವಾದ ನಾಡಿಗೆ ಮೊದಲು ಹೋಗಿ, ಅಲ್ಲಿ ಕಲಿತು, ಮುಂದಕ್ಕೆ ಹೆಜ್ಜೆ ಇಡುತ್ತವೆ. ಈ ದೂರವನ್ನು ಅಳೆಯುವುದು ಮೈಲಿಗಳಿಂದಲ್ಲ. ನುಡಿ, ನಡೆ, ಕಾನೂನುಗಳಿಂದ. ನಾನು ಇದನ್ನು 'ಮನೋದೂರ' ಎಂದು ಕನ್ನಡಿಸಿದೆ. ಕೂಡಲೆ ನನಗೆ ಆದಯ್ಯ ನೆನಪಾದ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ನಮ್ಮ ಪುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದ ವರ್ತಕ ಆತ. ಬಂದವನು ಕನ್ನಡದ ವಚನಕಾರನೇ ಆದ. ರಾಘವಾಂಕ ಅವನ ಕಥೆಯನ್ನು 'ಸೋಮನಾಥ ಚರಿತೆ'ಯಲ್ಲಿ ಹಾಡಿದ. ನಮ್ಮ ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘದ ಉಲ್ಲೇಖ ದೂರದ ಸುಮಾತ್ರದ ಬಾರೂಸಿನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲಿಯೂ ಇದೆ. ಇವನ್ನೆಲ್ಲ ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆದರೆ ಅವು ವ್ಯಾಪಾರದ ವಿಷಯಗಳೆಂದು ನನಗೆ ಹೊಳೆದಿರಲಿಲ್ಲ.

ಎಲ್ಲವನ್ನೂ ನಾನು ಒಪ್ಪಿದೆನೆಂದಲ್ಲ. ಡಚ್ ವಿದ್ವಾಂಸ ಹಾಫ್‌ಸ್ಟೆಡ್ ಅವರು ಐಬಿಎಂ ಸಂಸ್ಥೆಯ ನೌಕರರನ್ನು ಪ್ರಶ್ನಿಸಿ, ಒಂದೊಂದು ದೇಶದ ಸಂಸ್ಕೃತಿಗೂ ಅಂಕ ಕೊಟ್ಟು 1980ರಲ್ಲಿ ಗ್ರಂಥ ಬರೆದರು. ಮೈಸೂರಿಗೂ ವಿಜಾಪುರಕ್ಕೂ ಹೊಂದುವ ಒಂದು ಅಂಕಿ ಯಾವುದು ಎಂದು ನಾನು ಕೇಳಿದೆ. "ನಮ್ಮ ಮೇಡಮ್ಮೂ ಇದನ್ನ ಕೇಳಿದರು, ಪರೀಕ್ಷೆಯೊಳಗೂ ಇದೇ ಪ್ರಶ್ನೆ" ಎಂದಳು. ಗುರುವಿನ ಮಾತನ್ನು ಟಿಪ್ಪಣಿ ಮಾಡಿಕೊಂಡು ಪರೀಕ್ಷೆಯಲ್ಲಿ ಮರಳಿಸುವ ನಮ್ಮ ಪದ್ಧತಿಯನ್ನು ನೆನೆದು ನಾನು ಸುಮ್ಮನಾದೆ.

ನನ್ನನ್ನು ನಿಜವಾಗಿ ಗೆದ್ದದ್ದು ಸಾಖಪತ್ರದ ಪಾಠ. ಕಾಣದ ದೇಶದ, ಕಾಣದ ಮನುಷ್ಯನಿಗೆ ಸರಕು ಮಾರುವವನಿಗೆ ಹಣದ ಭರವಸೆ ಯಾರದು? ಬ್ಯಾಂಕಿನದು. ಆದರೆ ಬ್ಯಾಂಕು ಸರಕನ್ನು ನೋಡುವುದಿಲ್ಲ. ಸರಕಿನ ಕಾಗದಗಳನ್ನು ನೋಡುತ್ತದೆ. 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯು ಇದಕ್ಕೆ ನಿಯಮಗಳನ್ನು ಮಾಡಿದೆ. ಈಗಿನ ರೂಪ ಜಾರಿಗೆ ಬಂದದ್ದು 2007ರಲ್ಲಿ. ಸರಕಿನ ವರ್ಣನೆ ಒಂದು ಕಾಗದದಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿ ಬಿದ್ದರೆ ಬ್ಯಾಂಕು ಹಣ ತಡೆಯಬಹುದು. ಜೀವಮಾನವೆಲ್ಲ ಕರಡಚ್ಚು ತಿದ್ದಿ ಕಣ್ಣು ಮಂಜಾದ ನನಗೆ, ಸಮುದ್ರದ ಮೇಲೆ ತೇಲುವ ಹಡಗೂ ಅಕ್ಷರದ ಆಸರೆಯಲ್ಲಿದೆ ಎಂದು ತಿಳಿದಾಗ ಆದ ಹಿಗ್ಗನ್ನು ಹೇಗೆ ಹೇಳಲಿ!

ಆದರೆ ಓದು ಬೇರೆ, ಉದ್ಯೋಗ ಬೇರೆ. ಅದು ಒಂದೇ ವರ್ಷದ ವ್ಯಾಸಂಗ. ಸೆಪ್ಟೆಂಬರಿನಲ್ಲಿ ಹೋಗಿ ಊರಿನ ಬೀದಿಗಳ ಪರಿಚಯವಾಗುವ ಮೊದಲೇ ಮುಂದಿನ ವರ್ಷದ ಕೆಲಸಗಳಿಗೆ ಅರ್ಜಿ ಹಾಕುವ ಕಾಲ ಬಂದುಬಿಡುತ್ತದೆ. ಪಾಠದ ಅವಧಿಯಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಅವಳು ಸಂಜೆ ಒಂದು ಅಂಗಡಿಯಲ್ಲಿ ಸರಕು ಜೋಡಿಸುತ್ತ, ರಾತ್ರಿ ಅರ್ಜಿ ಬರೆಯುತ್ತಿದ್ದಳು. ಬಹಳಷ್ಟು ಕಡೆಯಿಂದ ಉತ್ತರವೇ ಬರಲಿಲ್ಲ. 2023ರ ಬೇಸಗೆಯ ಹೊತ್ತಿಗೆ ಅವಳ ದನಿ ಸಣ್ಣದಾಗಿತ್ತು. ಇಲ್ಲಿ ತಮ್ಮ ರಾತ್ರಿ ಎದ್ದು ಕೂಡುತ್ತಿದ್ದ.

ಒಂದು ದಿನ ಅವಳು ತನ್ನ ಸ್ವವಿವರದ ಪತ್ರವನ್ನು ನನಗೆ ಕಳುಹಿಸಿ, ತಪ್ಪು ಹುಡುಕಿ ಕೊಡಲು ಹೇಳಿದಳು. ಭಾಷೆಯಲ್ಲಿ ತಪ್ಪಿರಲಿಲ್ಲ. 'ಉತ್ಸಾಹಿ', 'ಪರಿಶ್ರಮಿ', 'ನಾಯಕತ್ವದ ಗುಣವುಳ್ಳವಳು' ಎಂಬ ಅರ್ಥದ ಆಂಗ್ಲ ವಿಶೇಷಣಗಳು ಮೆರವಣಿಗೆ ಹೊರಟಿದ್ದವು. ಮನುಷ್ಯಳು ಮಾತ್ರ ಅಲ್ಲಿ ಇರಲಿಲ್ಲ. ನನ್ನ ತಮ್ಮನ ಹೆಂಡತಿ ಹದಿನೈದು ವರ್ಷಗಳಿಂದ ಖಡಕ್ ರೊಟ್ಟಿ ಬಡಿಸಿ ಪುಣೆಗೆ ಕಳುಹಿಸುತ್ತಾಳೆ. ಹುಡುಗಿ ಹದಿನಾರನೆಯ ವಯಸ್ಸಿನಿಂದ ಆ ಲೆಕ್ಕ ಬರೆದವಳು, ಕೊಳ್ಳುವವರೊಡನೆ ಫೋನಿನಲ್ಲಿ ಜಗಳಾಡಿದವಳು. ಅದರ ಒಂದಕ್ಷರವೂ ಪತ್ರದಲ್ಲಿರಲಿಲ್ಲ. ಕೇಳಿದೆ. "ಅದನ್ನ ಹ್ಯಾಂಗ ಬರೀಲಿ, ದೊಡ್ಡಪ್ಪ? ರೊಟ್ಟಿ ಮಾರಿದ್ದನ್ನ?" ಎಂದಳು.

ಶ್ರೋತೃಗಳೆ, ಆಗ ನಾನು ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ. 1984ರಲ್ಲಿ ನನ್ನ ಕೆಲಸದ ಸಂದರ್ಶನದಲ್ಲಿ ಹಿರಿಯರೊಬ್ಬರು, "ತಂದೆಯವರಿಗೆ ಏನು ಉದ್ಯೋಗ?" ಎಂದು ಕೇಳಿದರು. ಗುಮಾಸ್ತರೆಂದು ಹೇಳಲು ನಾಲಿಗೆ ಏಳಲಿಲ್ಲ. "ಹತ್ತಿಯ ವ್ಯಾಪಾರ" ಎಂದುಬಿಟ್ಟೆ. ದ್ರೋಹಚಿಂತನವೆಂದು ನಾನು ಹೀಗಳೆದ ವ್ಯಾಪಾರವೇ ನನ್ನ ನಾಚಿಕೆಗೆ ಮರೆಯಾಯಿತು. ತಂದೆಯವರು ಹೊರಗೆ ಮರದ ಕೆಳಗೆ ನನ್ನ ಪ್ರಮಾಣಪತ್ರಗಳ ಚೀಲ ಹಿಡಿದು ನಿಂತಿದ್ದರು. ನಲವತ್ತು ವರ್ಷ ಒಂದು ಕಾಸಿನ ತಪ್ಪಿಲ್ಲದೆ ಪರರ ಹಣ ಬರೆದ ಕೈ ಅದು. ಅವರ ಬದುಕಿನ ಲೆಕ್ಕದಲ್ಲಿ ನಾನೇ ಒಂದು ತಪ್ಪು ನಮೂದು ಮಾಡಿದೆ. ಅದನ್ನು ತಿದ್ದಲು ಅವರು ಈಗ ಇಲ್ಲ.

ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಹೊಸ ಪತ್ರ ಬಂದಿತು. ವಿಶೇಷಣಗಳು ಹೋಗಿದ್ದವು, ರೊಟ್ಟಿ ಬಂದಿತ್ತು.

ಆ ವರ್ಷದ ನವೆಂಬರಿನಲ್ಲಿ ಸರಕು ಸಾಗಣೆಯ ಸಣ್ಣ ಸಂಸ್ಥೆಯೊಂದು ಅವಳನ್ನು ಸಂದರ್ಶನಕ್ಕೆ ಕರೆಯಿತು. ಅಧಿಕಾರಿ ಕೇಳಿದ್ದು, ದಾರಿಯಲ್ಲಿ ರೊಟ್ಟಿ ಮುರಿದರೆ ಹಾನಿ ಯಾರದು ಎಂದು. "ಪೆಟ್ಟಿಗೆ ಬಸ್ಸಿಗೆ ಏರುವವರೆಗೆ ನಮ್ಮದು, ಅನಂತರ ಕೊಳ್ಳುವವರದು" ಎಂದಳಂತೆ. ಆತ ನಕ್ಕು, ಇದನ್ನೇ ಇನ್‌ಕೋಟರ್ಮ್ಸ್ ಎಂಬ ನಿಯಮಾವಳಿಯಲ್ಲಿ ಎಫ್.ಓ.ಬಿ. ಎನ್ನುತ್ತಾರಲ್ಲವೆ, ಬಸ್ಸಿಗೆ ಬದಲು ಅಲ್ಲಿ ಹಡಗು ಎಂದನಂತೆ. 1936ರಿಂದ ಜಗತ್ತಿನ ವರ್ತಕರು ಬಳಸುತ್ತ ಬಂದ ನಿಯಮ ನಮ್ಮ ಗದುಗಿನ ಬಸ್ ನಿಲ್ದಾಣದಲ್ಲಿಯೂ ನಡೆಯುತ್ತಿತ್ತು! ಕೆಲಸ ಸಿಕ್ಕಿತು, ಸರಕಿನ ಕಾಗದಪತ್ರಗಳನ್ನು ತಾಳೆ ನೋಡುವ ಕೆಲಸ. ಎಂದರೆ ಗುಮಾಸ್ತಿಕೆಯೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಪದವಿಯ ಅನಂತರ ಎರಡು ವರ್ಷ ಅಲ್ಲಿ ದುಡಿಯುವ ಪರವಾನಿಗೆ ಅವಳಿಗೆ ಇತ್ತು. 2021ರ ಜುಲೈನಲ್ಲಿ ತೆರೆದ ದಾರಿ ಅದು. ಅದರಾಚೆಗೆ ಉಳಿಯಬೇಕಾದರೆ ಸರಕಾರ ಗೊತ್ತುಪಡಿಸಿದಷ್ಟು ಸಂಬಳವನ್ನು ಮಾಲಿಕ ಕೊಡಬೇಕು. ಅದರ ಸಾಮಾನ್ಯ ಮಿತಿ 2024ರ ಏಪ್ರಿಲಿನಲ್ಲಿ ವರ್ಷಕ್ಕೆ 26,200 ಪೌಂಡಿನಿಂದ 38,700ಕ್ಕೆ ಜಿಗಿಯಿತು. 2025ರ ಜುಲೈನಲ್ಲಿ 41,700 ಆಯಿತು. ಹೊಸಬರಿಗಿರುವ ರಿಯಾಯಿತಿಯ ಮಿತಿಯೂ ಜೊತೆಗೇ ಏರಿತು. ಸಣ್ಣ ಸಂಸ್ಥೆಗೆ ಅದು ಎಟುಕಲಿಲ್ಲ. 2025ರ ಕೊನೆಗೆ ಅವಳು ಮರಳಿ ಬಂದಳು. ಈಗ ಮಂಗಳೂರಿನಲ್ಲಿ ರಫ್ತಿನ ಸಂಸ್ಥೆಯೊಂದರಲ್ಲಿ ಇದ್ದಾಳೆ. ಸಾಲ ಇನ್ನೂ ತೀರಿಲ್ಲ, ತೀರುತ್ತಿದೆ.

ಮಕ್ಕಳನ್ನು ಹೊರನಾಡಿಗೆ ಕಳುಹಿಸುವ ತಂದೆತಾಯಿಗಳು ನನ್ನನ್ನು ಕೆಲವೊಮ್ಮೆ ಅಭಿಪ್ರಾಯ ಕೇಳುತ್ತಾರೆ. ನಾನು ಹೇಳುವುದಿಷ್ಟೆ: ಹೋಗುವ ಮೊದಲು ಸಾಲದ ಕಂತನ್ನು ಅಲ್ಲಿಯ ಸಂಬಳದಿಂದಲ್ಲ, ಇಲ್ಲಿಯ ಸಂಬಳದಿಂದ ಲೆಕ್ಕ ಹಾಕಿರಿ. ಕಾನೂನು ನಮ್ಮ ಆಸೆಯನ್ನು ಕೇಳಿ ಬದಲಾಗುವುದಿಲ್ಲ. ಮಕ್ಕಳಿಗೆ ಹೇಳುವುದು ಇನ್ನೊಂದು: ಮನೆಯಲ್ಲಿ ಕಲಿತದ್ದನ್ನು ಮುಚ್ಚಿಟ್ಟು ಹೋಗಬೇಡಿರಿ. ಎಲ್ಲಕ್ಕಿಂತ ದೊಡ್ಡ ಮನೋದೂರವೆಂದರೆ ನಮಗೂ ನಮ್ಮ ಮನೆಗೂ ನಡುವೆ ನಾವೇ ಹಾಕಿಕೊಂಡ ದೂರ.

ಕಳೆದ ದೀಪಾವಳಿಯ ಲಕ್ಷ್ಮೀಪೂಜೆಗೆ ತಮ್ಮನ ಮನೆಯಲ್ಲಿ ತಂದೆಯವರ ಹಳೆಯ ಕಿರ್ದಿಯೊಂದನ್ನು ಇಟ್ಟಿದ್ದರು. ನಾನು ಮೊದಲ ಸಲ ಅದನ್ನು ತೆರೆದು ಓದಿದೆ. ಅಕ್ಷರ ದುಂಡಾಗಿತ್ತು. ಒಂದು ಪುಟದಲ್ಲಿಯೂ ಚಿತ್ತಿಲ್ಲ.